ಕಲಂ ಒಂಬತ್ತು ಮತ್ತು ಒಂದು ಲೋಟ ನೀರು

ಫೆಬ್ರವರಿ 4

ತಮ್ಮನಿಗೆ,

ಮೊದಲು ಆಶೀರ್ವಾದ ಎಂದು ಬರೆಯಬೇಕು, ಅದು ಪದ್ಧತಿ. ಈ ಸಲ ಅದನ್ನು ಬಾಕಿ ಇಟ್ಟಿದ್ದೇನೆ. ಪತ್ರ ಮುಗಿಯುವ ಹೊತ್ತಿಗೆ ಸಿಟ್ಟು ಇಳಿದಿದ್ದರೆ ಕೊಡುತ್ತೇನೆ.

ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯೇನೋ. ಫೋನಿನಲ್ಲಿ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಮೂರು ಆಡುತ್ತೀಯ. ಕಳೆದ ಸಲ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಫೋನ್ ಕುಕ್ಕಿ, ಮೊದಲು ಕುಕ್ಕಿದ್ದು ಯಾರು ಎಂದು ಕೇಳುವುದಕ್ಕೆ ಮತ್ತೆ ಫೋನ್ ಮಾಡಿ ಜಗಳವಾಡಿದೆವು. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಕಾಗದ.

ವಿಷಯಕ್ಕೆ ಬರುತ್ತೇನೆ. ನೀನು ಅಧ್ಯಕ್ಷನಾಗಿ ಮೆರೆಯುತ್ತಿರುವ ಆ ಕಾಲ್ಪನಿಕ ಹಾಕಿ ಲೀಗಿನಲ್ಲಿ ಈ ವರ್ಷದ ಎಳೆಯ ಆಟಗಾರರನ್ನು ಆರಿಸಿದ್ದೀರಂತೆ. ಇಪ್ಪತ್ತನಾಲ್ಕು ಮಕ್ಕಳ ಹೆಸರು ನಿಮ್ಮ ಪುಟದಲ್ಲಿ ಇದೆ. ನಾನು ಮೇಲಿಂದ ಕೆಳಕ್ಕೆ ಓದಿದೆ, ಕೆಳಗಿಂದ ಮೇಲಕ್ಕೆ ಓದಿದೆ. ನನ್ನ ಮಗಳ ಹೆಸರಿಲ್ಲ. ಹೋದ ಋತುವಿನಲ್ಲಿ ಹದಿನಾಲ್ಕು ಗೋಲು ಹೊಡೆದವಳು. ನಿನ್ನ ಸ್ವಂತ ಸೋದರಸೊಸೆ. ಕಡ್ಡಿ ಎಂದು ನೀನೇ ಹೆಸರಿಟ್ಟು, ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಪಂದ್ಯ ತೋರಿಸಿದವಳು.

ನನಗೆ ನಿನ್ನ ಲೀಗು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಇಲ್ಲದ ತಂಡಕ್ಕೆ ಇರುವ ಮಕ್ಕಳನ್ನು ಸೇರಿಸಿಕೊಂಡು ಕುಣಿಯುವ ಎಂಟು ಜನ ನೀವು, ನಿಮ್ಮ ಪಾಡಿಗೆ ಕುಣಿಯಿರಿ. ಆದರೆ ಕಡ್ಡಿ ಆ ಪಟ್ಟಿ ನೋಡಿದ್ದಾಳೆ. ಅವತ್ತಿನಿಂದ ಅವಳ ಹಾಕಿ ಸ್ಟಿಕ್ಕು ಬಾಗಿಲ ಹಿಂದೆ, ಪೊರಕೆಯ ಪಕ್ಕದಲ್ಲಿ ನಿಂತಿದೆ. ನಾನು ದಿನಾ ಗುಡಿಸುವಾಗ ನೋಡುತ್ತೇನೆ. ಪೊರಕೆಗಾದರೂ ಕೆಲಸ ಇದೆ. ಬೆಳಗಿನ ಅಭ್ಯಾಸಕ್ಕೆ ಏಳುವುದನ್ನು ಬಿಟ್ಟಿದ್ದಾಳೆ. ಸಂಜೆ ನಾನು ಬಸ್ಸಿನ ಪಾಳಿಗೆ ಹೋದ ಮೇಲೆ ಏನು ಮಾಡುತ್ತಾಳೋ, ಮಲಗಿರುತ್ತಾಳೋ. ಕೇಳಿದರೆ 'ಏನಿಲ್ಲಮ್ಮ' ಅನ್ನುತ್ತಾಳೆ. ಮುಂಗೈ ಮೇಲೆ ನೀಲಿ ಕಲೆ. ಎಲ್ಲಿ ಬಡಿದುಕೊಂಡಳೋ, ಸಿಟ್ಟಿಗೆ ಗೋಡೆ ಗುದ್ದಿದಳೋ.

ಮಾರ್ಚ್ ಇಪ್ಪತ್ತೆರಡಕ್ಕೆ ಕಿರಿಯರ ತಂಡದ ಆಯ್ಕೆ ಇದೆ. ಹದಿನಾರು ವಯಸ್ಸಿಗೆ ಒಂದೇ ಸಲ ಬರುವ ಬಾಗಿಲು. ಅದರ ಮುಂದೆ ನೀವು ಎಂಟು ಜನ ಅಡ್ಡ ಮಲಗಿದ್ದೀರಿ. ಯಾಕೆ ಆರಿಸಲಿಲ್ಲ? ಉತ್ತರ ಬರೆ.

ಸಿಟ್ಟು ಇಳಿದಿಲ್ಲ. ಆಶೀರ್ವಾದ ಬಾಕಿ.

ಅಕ್ಕ

*

ಫೆಬ್ರವರಿ 9

ಪೂಜ್ಯ ಅಕ್ಕನವರಿಗೆ,

ನಮಸ್ಕಾರಗಳು. ತಮ್ಮ ಪತ್ರ ತಲುಪಿತು. ಪೋಸ್ಟ್‌ಮ್ಯಾನ್ ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ತಂದ, ಅಷ್ಟು ಕಾದಿತ್ತು.

ಆರೋಪಕ್ಕೆ ಉತ್ತರಿಸುವ ಮೊದಲು ಹಿನ್ನೆಲೆ. ನಮ್ಮದು ಎಂಟು ಜನರ ಲೀಗು. ಎಂಟರಲ್ಲಿ ಒಬ್ಬರಿಗೂ ಒಂದು ಮಹಡಿ ಹತ್ತಿದರೆ ಮಾತಾಡಲು ಉಸಿರು ಉಳಿಯುವುದಿಲ್ಲ. ಆದರೂ ಎಂಟು ಹಾಕಿ ತಂಡಗಳಿಗೆ ಒಡೆಯರು. ಪ್ರತಿ ವರ್ಷ ನಿಜವಾದ ಮೈದಾನದಲ್ಲಿ ಆಡುವ ಹುಡುಗ ಹುಡುಗಿಯರಲ್ಲಿ ತಲಾ ಮೂವರನ್ನು ಸರದಿಯಂತೆ ಆರಿಸುತ್ತೇವೆ. ಆ ಮಕ್ಕಳು ಅಲ್ಲಿ ಗೋಲು ಹೊಡೆದರೆ ಇಲ್ಲಿ ನಮಗೆ ಐದು ಅಂಕ, ಗೋಲಿಗೆ ಚೆಂಡು ಒದಗಿಸಿದರೆ ಮೂರು. ಕೀಪರ್ ಗೋಲು ಬಿಟ್ಟರೆ ಎರಡು ಅಂಕ ಖೋತಾ; ಹಾಗಾಗಿ ಕೀಪರುಗಳನ್ನು ನಾವು ಯಾರೂ ಮುಟ್ಟುವುದಿಲ್ಲ. ನನ್ನ ತಂಡದ ಹೆಸರು 'ಸರಿತೂಕ'. ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಇನ್ನೆಂಥ ಹೆಸರು ಒಪ್ಪುತ್ತದೆ.

ಈಗ ಕಲಂ ಒಂಬತ್ತು. ನಮ್ಮ ಲೀಗಿನ ನಿಯಮಾವಳಿಯನ್ನು ಬರೆದವನು ನಾನೇ. ಒಂಬತ್ತನೆಯ ಕಲಮಿನ ಪ್ರಕಾರ ಯಾವ ಸದಸ್ಯನೂ ತನ್ನ ರಕ್ತಸಂಬಂಧಿಯನ್ನು ಆರಿಸುವಂತಿಲ್ಲ. ಅವರ ಬಗ್ಗೆ ಸಭೆಯಲ್ಲಿ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಬಾಯಿ ಬಿಡುವಂತಿಲ್ಲ. ಇದನ್ನು ತಂದದ್ದು ನಮ್ಮ ಔಷಧಿ ಅಂಗಡಿಯವರ ಕಾಟಕ್ಕೆ. ಅವರು ಮೂರು ವರ್ಷ ಸತತವಾಗಿ ತಮ್ಮ ಮಗನನ್ನೇ ಮೊದಲು ಆರಿಸಿದರು. ಮೂರನೆಯ ವರ್ಷ ಹುಡುಗ ಹಾಕಿ ಬಿಟ್ಟು ಈಜು ಕಲಿಯುತ್ತಿದ್ದ.

ಆದ್ದರಿಂದ ಕಡ್ಡಿಯನ್ನು ನಾನು ಆರಿಸುವಂತಿರಲಿಲ್ಲ. ಅಷ್ಟೇ ಅಲ್ಲ. ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳ ಮೇಲೆ ಕೂತು ಸಭೆ ನಡೆಸುತ್ತಿದ್ದಾಗ ಅವಳ ಹೆಸರು ಬಂತು. ನಾನು ಅಲ್ಲಿ ಕೂತಿದ್ದರೆ ನನ್ನ ಮುಖ ನೋಡಿ ಯಾರಾದರೂ ದಾಕ್ಷಿಣ್ಯಕ್ಕೆ ಬಿದ್ದಾರು ಎಂದು ಎದ್ದು ಹೊರಗೆ ಹೋದೆ. ಅಂಗಡಿಯ ಮುಂಭಾಗದಲ್ಲಿ ನೀರು ಕುಡಿಯುತ್ತಾ, ಒಳಗೆ ತೀರ್ಮಾನವಾಗುವ ತನಕ ನಿಂತೆ. ತಕ್ಕಡಿ ಹಿಡಿದವನು ತಟ್ಟೆಯ ಹತ್ತಿರ ಉಸಿರೂ ಬಿಡಬಾರದು. ಈ ನಿಷ್ಪಕ್ಷಪಾತಕ್ಕೆ ಹೊಗಳಿಕೆ ನಿರೀಕ್ಷಿಸಿದ್ದೆ; ಬೈಗುಳ ಬಂತು. ಇರಲಿ.

ಅವರು ಏಳು ಜನ ಆರಿಸಲಿಲ್ಲ ಎಂದರೆ ಅದು ಅವರ ಬುದ್ಧಿ. ಪಟ್ಟಿ ನೋಡಿ ಹುಡುಗಿ ಮುನಿಸಿಕೊಂಡರೆ ಎರಡು ದಿನಕ್ಕೆ ಇಳಿಯುತ್ತದೆ. ಗಾಬರಿ ಬೇಡ.

ಬಾಕಿ ಆಶೀರ್ವಾದದ ನಿರೀಕ್ಷೆಯಲ್ಲಿ,
ತಮ್ಮ

*

ಫೆಬ್ರವರಿ 13

ಎದ್ದು ಹೋದೆಯಾ?

ನಿನ್ನ ಪತ್ರವನ್ನು ಡಿಪೋದಲ್ಲಿ ಓದಿದೆ. ಬಸ್ಸು ತೊಳೆಯುವವಳು ನನ್ನ ಮುಖ ನೋಡಿ, ಯಾರಾದರೂ ಹೋದರಾ ಅಕ್ಕ ಎಂದು ಕೇಳಿದಳು. ಹೌದು, ನನ್ನ ತಮ್ಮನ ಬುದ್ಧಿ ಹೋಯಿತು ಎಂದೆ.

ಕೇಳು. ಒಂದು ಮನೆಗೆ ಹೆಣ್ಣು ನೋಡಲು ಬಂದಿದ್ದಾರೆ ಎಂದುಕೋ. ಹುಡುಗಿ ಹೇಗೆ ಎಂದು ಸೋದರಮಾವನನ್ನು ಕೇಳುತ್ತಾರೆ. ಅವನು ತುಟಿ ಬಿಗಿದುಕೊಂಡು, ಎದ್ದು, ಹೊರಗೆ ಹೋಗಿ ನಿಲ್ಲುತ್ತಾನೆ. ಬಂದವರು ಏನು ತಿಳಿಯುತ್ತಾರೆ? 'ಆಹಾ, ಎಂಥ ನಿಷ್ಪಕ್ಷಪಾತಿ' ಎಂದು ಕೈಮುಗಿಯುತ್ತಾರಾ? ಚಪ್ಪಲಿ ಹುಡುಕುತ್ತಾರೆ.

ನೀನು ತಟ್ಟೆಯ ಹತ್ತಿರ ಉಸಿರು ಬಿಡಲಿಲ್ಲ, ನಿಜ. ತಟ್ಟೆಯನ್ನೇ ಕಾಲಿನಿಂದ ಒದ್ದು ಹೋದೆ. ಐವತ್ತು ಜನ ಕೂತ ಬಸ್ಸನ್ನು ಓಡಿಸುತ್ತೇನೆ. ಚಾಲಕಿ ನಡುದಾರಿಯಲ್ಲಿ ಒಂದು ಮಾತೂ ಆಡದೆ ಇಳಿದು ಹೋದರೆ, ಬಸ್ಸಿನಲ್ಲಿ ಬೆಂಕಿ ಇದೆ ಎಂದೇ ಎಲ್ಲರೂ ಹಾರುವುದು.

ಎರಡು ದಿನಕ್ಕೆ ಇಳಿಯುತ್ತದೆ ಅಂದೆ. ಒಂಬತ್ತು ದಿನ ಆಯಿತು. ನಿನ್ನೆ ಸ್ಟಿಕ್ಕನ್ನು ಒರೆಸಿ ಅವಳ ಮಂಚದ ಪಕ್ಕ ಇಟ್ಟೆ. ಬೆಳಗ್ಗೆ ನೋಡಿದರೆ ಮತ್ತೆ ಬಾಗಿಲ ಹಿಂದೆ. 'ಅದು ಬೇಡಮ್ಮ' ಅಂದಳು. ಹದಿನಾಲ್ಕು ಗೋಲು ಹೊಡೆದ ಸ್ಟಿಕ್ಕು ಬೇಡವಂತೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನನಗೆ ತಡೆಯಲಾಗಲಿಲ್ಲ, ನೀನು ಆ ಮಾಮನ ಮಾತಿಗೆ ಬೆಲೆ ಕೊಡಬೇಡ ಎಂದು ಅರ್ಧ ಗಂಟೆ ಹೇಳಿದೆ. ಆಮೇಲೆ ಅವಳು ಏನೂ ಹೇಳಲಿಲ್ಲ.

ಹೋಗಿ ಆ ಏಳು ಜನರನ್ನು ಕೇಳು. ನೀನು ಹೊರಗೆ ನೀರು ಕುಡಿಯುವಾಗ ಒಳಗೆ ಏನಾಯಿತು ಎಂದು ನನಗೆ ಗೊತ್ತಾಗಬೇಕು.

ಅಕ್ಕ

*

ಫೆಬ್ರವರಿ 20

ಅಕ್ಕನಿಗೆ,

ವಿಚಾರಣೆ ಮುಗಿಸಿದ್ದೇನೆ. ವರದಿ ಒಪ್ಪಿಸುವ ಮುನ್ನ ಒಂದು ವಿನಂತಿ: ಕೂತುಕೊಂಡು ಓದು.

ಔಷಧಿ ಅಂಗಡಿಗೆ ಹೋದೆ. ಅವರು ಗಿರಾಕಿಗೆ ಮಾತ್ರೆ ಎಣಿಸಿ ಕೊಡುವವರೆಗೂ ಕಾದು, ಸಹಜವಾಗಿ ಕೇಳುವವನಂತೆ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

'ಅಲ್ಲಾ ಸಾರ್, ಹುಡುಗಿ ಹೆಸರು ಬಂದ ತಕ್ಷಣ ಸ್ವಂತ ಮಾಮ ಮುಖ ಗಂಟು ಹಾಕ್ಕೊಂಡು ಎದ್ದು ಹೋದ್ರೆ ನಾವೇನು ತಿಳ್ಕೋಬೇಕು? ಮನೆಯೋರಿಗೆ ಗೊತ್ತಿರೋದು ಊರಿಗೆ ಗೊತ್ತಿರುತ್ತಾ?'

ನಾನು ನೀರು ಕುಡಿಯಲು ಹೋದೆ ಎಂದೆ.

'ಎರಡು ಲೋಟ ಕುಡಿದ್ರಿ. ಅದನ್ನೂ ನೋಡಿದ್ವಿ. ಅಷ್ಟು ಸಂಕಟ ಇದೆ ಅಂದ್ಮೇಲೆ ನಾವ್ಯಾಕೆ ಕೈ ಹಾಕೋಣ ಅಂತ ಬಿಟ್ವಿ.'

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಫೋಟೋ ಸ್ಟುಡಿಯೋದವನು ನಮ್ಮ ಲೀಗಿನ ಪುಟ ನೋಡಿಕೊಳ್ಳುತ್ತಾನೆ. ಆರಿಸಿದವರ ಪಟ್ಟಿ ಮಾತ್ರ ನೀನು ನೋಡಿದ್ದೀಯ. ಅದರ ಕೆಳಗೆ, ಕೈಬಿಟ್ಟವರು ಎಂದು ಸಣ್ಣ ಅಕ್ಷರದಲ್ಲಿ ಇನ್ನೊಂದಿದೆಯಂತೆ. ನಾನೂ ಈಗಲೇ ನೋಡಿದ್ದು. ಅಲ್ಲಿ ಕಡ್ಡಿಯ ಹೆಸರಿನ ಮುಂದೆ ಹೀಗಿದೆ: 'ಫಾರ್ವರ್ಡ್. ಮೊಣಕಾಲು?'

ಪ್ರಶ್ನಾರ್ಥಕ ಚಿಹ್ನೆ ಅವನದೇ. ಎಲ್ಲಿಂದ ಬಂತಪ್ಪಾ ಈ ಮೊಣಕಾಲು ಎಂದು ಕೇಳಿದೆ. ಅವನು ಮುಗ್ಧವಾಗಿ ಹೇಳಿದ: 'ಸಾರ್, ನೀವು ಏಳುವಾಗ ಮೊಣಕಾಲು ಹಿಡ್ಕೊಂಡ್ರಿ. ಬಾಯಿ ಬಿಡೋ ಹಾಗಿಲ್ವಲ್ಲ, ಅದಕ್ಕೇ ಸನ್ನೆ ಮಾಡ್ತಿದ್ದೀರಿ ಅಂದ್ಕೊಂಡೆ.'

ಅಕ್ಕಾ, ಸಿರಪ್ಪಿನ ಪೆಟ್ಟಿಗೆ ತಗ್ಗಾಗಿತ್ತು. ನನಗೆ ಐವತ್ತೆರಡು. ನಾನು ಹಿಡಿದದ್ದು ನನ್ನ ಮೊಣಕಾಲು, ನನ್ನ ನೋವಿಗೆ.

ಇಷ್ಟಕ್ಕೂ ಅದು ಒಂದು ಕೊಕ್ಕೆಯ ಚಿಹ್ನೆ, ಅದರ ಕೆಳಗೊಂದು ಚುಕ್ಕೆ. ಅಷ್ಟು ಸಣ್ಣ ಅಕ್ಷರವನ್ನು ಯಾರೂ ಓದುವುದಿಲ್ಲ. ನಾಳೆಯೇ ತೆಗೆಸುತ್ತೇನೆ.

ತಮ್ಮ

*

ಫೆಬ್ರವರಿ 25

ಓದಿದ್ದಾರೆ.

ಕಡ್ಡಿಯ ಕೋಚು ಓದಿದ್ದಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು. ಅವನಿಗೆ ಇಪ್ಪತ್ತು ವರ್ಷದ ಅನುಭವ ಇದೆ, ಎರಡು ಕಣ್ಣಿದೆ, ಹುಡುಗಿ ಓಡುವುದನ್ನು ಕಂಡಿದ್ದಾನೆ. ಆದರೂ ಸ್ಟುಡಿಯೋದವನು ಸಣ್ಣ ಅಕ್ಷರದಲ್ಲಿ ಹಾಕಿದ ಕೊಕ್ಕೆಯನ್ನು ನಂಬಿ, ಮೊಣಕಾಲು ಸರಿ ಇದೆ ಎಂದು ಮೂಳೆ ಡಾಕ್ಟರಿಂದ ಬರೆಸಿಕೊಂಡು ಬಾ, ಇಲ್ಲದಿದ್ದರೆ ಆಯ್ಕೆಗೆ ಹೆಸರು ಕಳಿಸುವುದಿಲ್ಲ ಅಂದಿದ್ದಾನೆ. ಇದನ್ನು ಕಡ್ಡಿ ನನಗೆ ಹೇಳಲಿಲ್ಲ. ಅವಳ ಜೊತೆಯ ಹುಡುಗಿಯ ತಾಯಿ ನನ್ನ ಬಸ್ಸು ಹತ್ತಿ, ಚಿಲ್ಲರೆ ಕೊಡುತ್ತಾ, ಪಾಪ ಮೊಣಕಾಲಂತೆ ಎಂದು ಲೊಚಗುಟ್ಟಿದಳು. ಹಿಂದೆ ಏಳು ಜನ ಹತ್ತಲು ಕಾದಿದ್ದರು. ಅವಳನ್ನು ಅಲ್ಲೇ ನಿಲ್ಲಿಸಿ, ನನ್ನ ಮಗಳ ಮೊಣಕಾಲಿನ ಚರಿತ್ರೆಯನ್ನು ಹುಟ್ಟಿನಿಂದ ಹೇಳಿದೆ. ಬಸ್ಸು ತಡವಾಯಿತು. ಮೇಲಿನವರು ಕಾರಣ ಕೇಳಿ ಚೀಟಿ ಕಳಿಸಿದ್ದಾರೆ. ಕಾರಣ: ತಮ್ಮ ನೀರು ಕುಡಿದ ಎಂದು ಬರೆಯಲಾ?

ನೀನು ಒಂದು ಲೋಟ ನೀರು ಕುಡಿಯಲು ಎದ್ದದ್ದಕ್ಕೆ ನನ್ನ ಮಗಳ ಕಾಲು ಹೋಯಿತು. ನಿನ್ನ ಮೊಣಕಾಲಿನ ನೋವನ್ನು ಕಿತ್ತು ಅವಳ ಕಾಲಿಗೆ ಅಂಟಿಸಿದೆ. ಅವಳ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲ, ದ್ವೇಷ ಇಲ್ಲ, ಅದನ್ನು ನೆನೆದರೆ ನನಗೆ ಇನ್ನೂ ಉರಿಯುತ್ತದೆ. ಶತ್ರು ಮಾಡಿದ್ದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ನ್ಯಾಯವಂತನ ಕೊರಳಪಟ್ಟಿ ಎಲ್ಲಿರುತ್ತದೆ?

ಕಡ್ಡಿ ಊಟಕ್ಕೆ ಕೂತರೂ ಮಾತಿಲ್ಲ. ಬಟ್ಟೆ ಒಗೆಯುವಾಗ ಅವಳ ಅಂಗಿಯಿಂದ ಒದ್ದೆ ರಬ್ಬರಿನ ಹಳಸು ವಾಸನೆ ಬಂತು. ಯಾವ ಮೂಲೆಯಲ್ಲಿ ಕೂತು ಅಳುತ್ತಾಳೋ ನನ್ನ ಮಗು.

ನಾಳೆಯೇ ತೆಗೆಸುತ್ತೇನೆ ಎಂದು ನೀನು ಬರೆದಿದ್ದೆ. ಇವತ್ತು ನೋಡಿದೆ. ಹಾಗೇ ಇದೆ.

ಅಕ್ಕ

*

ಮಾರ್ಚ್ 3

ಅಕ್ಕಾ,

ತುರ್ತು ಸಭೆ ಕರೆದೆ. ಅದೇ ಹಿಂದಿನ ಕೋಣೆ. ಈ ಸಲ ನಾನು ಮನೆಯಿಂದ ಸ್ಟೂಲು ತೆಗೆದುಕೊಂಡು ಹೋಗಿದ್ದೆ.

ವಿಷಯ ಒಂದೇ: ಆ ಪ್ರಶ್ನೆಯನ್ನು ಅಳಿಸಬೇಕು. ನಾನು ಎದ್ದು ನಿಂತು, 'ಸದಸ್ಯರೇ, ಆ ಹುಡುಗಿಯ ಮೊಣಕಾಲು' ಎಂದೆ ಅಷ್ಟೇ. ಔಷಧಿ ಅಂಗಡಿಯವರು ಕೈ ಎತ್ತಿದರು. 'ಅಧ್ಯಕ್ಷರೇ, ಕಲಂ ಒಂಬತ್ತು.'

ನಾನು ನಿಂತೇ ಇದ್ದೆ. ಅವರು ನಿಧಾನವಾಗಿ, ಒಂದೊಂದು ಪದವನ್ನೂ ಸವಿಯುತ್ತಾ ಓದಿದರು. 'ರಕ್ತಸಂಬಂಧಿಯ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಬಾಯಿ ಬಿಡುವಂತಿಲ್ಲ. ನೀವೇ ಬರೆದದ್ದು ಸಾರ್. ಅಚ್ಚುಕಟ್ಟಾಗಿದೆ.' ತಮ್ಮ ಮಗನ ಈಜಿನ ಸೇಡನ್ನು ಅವರು ಎರಡು ವರ್ಷದಿಂದ ಬಡ್ಡಿ ಹಾಕಿ ಇಟ್ಟಿದ್ದರು ಎಂದು ನನಗೆ ಆಗ ಗೊತ್ತಾಯಿತು. ನಾನೇ ಹೊಲಿದ ಚೀಲ, ನನ್ನ ಬಾಯಿಗೇ ಕಟ್ಟಿದರು.

ಸದಸ್ಯನು ಮಾತಾಡುವಂತಿಲ್ಲ, ಸರಿ. ಸದಸ್ಯನಲ್ಲದವನು ಆಡಬಹುದಲ್ಲ. ಅಲ್ಲೇ ರಾಜೀನಾಮೆ ಕೊಟ್ಟು, ಕಲಮುಗಳನ್ನೆಲ್ಲ ಪಕ್ಕಕ್ಕಿಟ್ಟು, ಎಂಟು ವರ್ಷದ ಸ್ನೇಹಿತರನ್ನು ಇಲಾಖೆಯ ಮೂವತ್ತು ವರ್ಷದ ಅನುಭವ ಬಳಸಿ ಬೈದೆ. ಕಳ್ಳತೂಕದ ಬಟ್ಟುಗಳಾ ಅಂದೆ. ಹೊರಗೆ ಮಾತ್ರೆಗೆ ಬಂದ ಗಿರಾಕಿಗಳು ಒಳಗೆ ಇಣುಕಿದರು. ಸ್ಟುಡಿಯೋದವನು ಹೆದರಿ ಅಲ್ಲೇ ಪ್ರಶ್ನೆಯನ್ನು ಅಳಿಸಿದ. ನನ್ನ ಹೆಸರನ್ನೂ ಅಳಿಸಿದರು. 'ಸರಿತೂಕ' ಈಗ ಅನಾಥ.

ಒಂದು ಮಾತು ನಿನಗೆ ಹೇಳಿರಲಿಲ್ಲ. ಕಲಂ ಒಂಬತ್ತು ಬಂದದ್ದು ಔಷಧಿ ಅಂಗಡಿಯವರ ಕಾಟಕ್ಕೆ ಎಂದು ಎಲ್ಲರಿಗೂ ಹೇಳುತ್ತೇನೆ. ಅದು ಅರ್ಧ. ಆ ವರ್ಷ ಕಡ್ಡಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದಳು. ಅವತ್ತು ನನಗೆ ಗೊತ್ತಾಯಿತು, ಇನ್ನು ಮೇಲೆ ಯಾವ ಪಟ್ಟಿ ಕೈಗೆ ಬಂದರೂ ನಾನು ಮೊದಲು ಬರೆಯುವುದು ಅವಳ ಹೆಸರನ್ನೇ, ಅವಳು ಕುಂಟುತ್ತಿದ್ದರೂ ಅವಳನ್ನೇ. ಬಜಾರಿನ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತುವವನಿಗೆ ಮನೆಯ ತಕ್ಕಡಿ ಹಿಡಿಯಲು ಬರುವುದಿಲ್ಲ ಎಂದು ಹೆದರಿ ನಿಯಮ ಬರೆದೆ. ಬೈಯುವುದಾದರೆ ಇದಕ್ಕೆ ಬೈ.

ಇನ್ನು ಪರಿಹಾರ. ಇಲಾಖೆಯ ಕಾಗದದಲ್ಲಿ, ಮೊಹರು ಸಹಿತ, ಕೋಚಿಗೆ ಪತ್ರ ಹಾಕಿದ್ದೇನೆ. ಹುಡುಗಿಯ ಎರಡೂ ಮೊಣಕಾಲುಗಳು ಸುಸ್ಥಿತಿಯಲ್ಲಿವೆ ಎಂದು ದೃಢಪಡಿಸಿದ್ದೇನೆ. ಇನ್ನು ಯೋಚನೆ ಬೇಡ.

ತಮ್ಮ

*

ಮಾರ್ಚ್ 7

ಮೊಹರು ಒತ್ತಿದೆಯಾ? ಅವಳ ಮೊಣಕಾಲಿಗೆ? ಅದೇನು ಎರಡು ಕಿಲೋ ಬಟ್ಟಾ?

ಕೋಚು ಫೋನ್ ಮಾಡಿದ್ದ. ತೂಕ ಅಳತೆ ಇಲಾಖೆ ಯಾಕೆ ಪತ್ರ ಬರೆಯಿತು ಎಂದು ಕೇಳಿದ. ಹುಡುಗಿಯ ಮಾಮ ಎಂದೆ. ಅವನು 'ಅಂದ್ರೆ ಏನೋ ಇದೆ ಅಂತಾಯ್ತು ಮೇಡಂ, ಇಲ್ದಿದ್ರೆ ಮನೆಯೋರು ಇಷ್ಟೊಂದು ಯಾಕೆ ಒದ್ದಾಡ್ತಾರೆ' ಅಂದ.

ನೀನು ಸುಮ್ಮನಿದ್ದಾಗಲೂ ಮೊಣಕಾಲು, ಮಾತಾಡಿದಾಗಲೂ ಮೊಣಕಾಲು. ಇನ್ನು ನನ್ನ ಮಗಳ ವಿಷಯದಲ್ಲಿ ಕೂರಬೇಡ, ಏಳಬೇಡ, ಕುಡಿಯಬೇಡ, ಬರೆಯಬೇಡ.

ನಿನ್ನ ಪತ್ರದ ನಡುವಿನ ಭಾಗವನ್ನು ಓದಿದೆ. ಅದಕ್ಕೆ ಬೈಯಲು ಈಗ ಪುರುಸೊತ್ತಿಲ್ಲ.

*

ಮಾರ್ಚ್ 12

ಮಾನ್ಯರೇ,

ತಮ್ಮ ಆಜ್ಞೆಯಂತೆ ಇದು ಕೊನೆಯ ಪತ್ರ. ಒಂದೇ ಪ್ರಶ್ನೆ ಕೇಳಿ ನಿಲ್ಲಿಸುತ್ತೇನೆ, ಕಲಂ ಯಾವುದೂ ಅಡ್ಡಿ ಬರುವುದಿಲ್ಲ.

ಇಷ್ಟು ದಿನದಿಂದ ತಾವು ನನಗೆ ಪತ್ರ ಬರೆಯುತ್ತಿದ್ದೀರಿ. ಸ್ಟಿಕ್ಕು ಎಲ್ಲಿದೆ, ಪೊರಕೆ ಎಲ್ಲಿದೆ, ಅಂಗಿಯ ವಾಸನೆ ಏನು, ಎಲ್ಲ ತಿಳಿಸಿದ್ದೀರಿ. ಹುಡುಗಿ ಬಾಯಿ ತೆರೆದಳು ಎಂದೂ ಬರೆದಿದ್ದೀರಿ. ಆಮೇಲೆ ಅರ್ಧ ಗಂಟೆ ತಾವು ಮಾತಾಡಿದಿರಿ ಎಂದೂ ಬರೆದಿದ್ದೀರಿ. ಅವಳು ಹಾಕಿ ಬಿಟ್ಟಳು ಎಂದು ತಮಗೆ ಹೇಳಿದವರು ಯಾರು? ಅವಳಾ, ಬಾಗಿಲ ಹಿಂದಿನ ಸ್ಟಿಕ್ಕಾ?

ನಾನು ಕೇಳದೆ ಎದ್ದು ಹೋದವನು, ಒಪ್ಪಿದೆ. ತಾವು ಕೂತೇ ಇದ್ದು ಕೇಳಲಿಲ್ಲ.

ಇತಿ,
ಮಾಜಿ ಅಧ್ಯಕ್ಷ

*

ಮಾರ್ಚ್ 24

ತಮ್ಮನಿಗೆ,

ನಿನ್ನ ಪತ್ರವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದೆ. ಮೊನ್ನೆ ಆಯ್ಕೆಯ ದಿನ. ಮನೆಯಲ್ಲಿ ಕೂತರೆ ಗಡಿಯಾರ ನೋಡುತ್ತಾ ಹುಚ್ಚು ಹಿಡಿದೀತು ಎಂದು ರಜೆ ಹಾಕದೆ ಪಾಳಿಗೆ ಹೋದೆ. ಒಬ್ಬ ಚಾಲಕನಿಗೆ ಜ್ವರ ಬಂದಿತ್ತು, ನನ್ನನ್ನು ಅವನ ದಾರಿಗೆ ಹಾಕಿದರು. ಕ್ರೀಡಾಂಗಣದ ಮುಂದೆ ಹಾಯುವ ದಾರಿ. ನನ್ನ ಹಣೆಬರಹ ನೋಡು.

ಕ್ರೀಡಾಂಗಣದ ನಿಲ್ದಾಣದಲ್ಲಿ ಒಂದು ಚೀಲ ಬಸ್ಸು ಹತ್ತಿತು. ಚೀಲವೇ ಹತ್ತಿತು, ಹೊತ್ತವರು ಕಾಣಿಸಲಿಲ್ಲ. ಮಗು ಮಲಗಿಸಬಹುದಾದಷ್ಟು ದೊಡ್ಡದು, ಮೇಲೆ ಎರಡು ಹಾಸಿಗೆಯಂಥ ಕಾಲ್ಕವಚ ಕಟ್ಟಿದೆ. ಬಾಗಿಲಲ್ಲಿ ಸಿಕ್ಕಿಕೊಂಡಿತು. ನಾನು ಕನ್ನಡಿ ನೋಡುತ್ತಾ, ಲಗೇಜಿಗೆ ಬೇರೆ ಟಿಕೆಟ್ಟಮ್ಮ, ಹಿಂದಿನ ಬಾಗಿಲಿಂದ ಬಾ ಎಂದು ಗದರಿದೆ. ಚೀಲದ ಹಿಂದಿನಿಂದ, ಒದ್ದೆ ರಬ್ಬರಿನ ಹಳಸು ವಾಸನೆಯ ಜೊತೆಗೆ ಒಂದು ದನಿ ಬಂತು.

'ಅಮ್ಮಾ? ಈ ದಾರಿಗೆ ನೀನ್ಯಾಕೆ ಬಂದೆ?'

'ನೀನ್ಯಾಕೆ ಬಂದೆ?' ಎಂದು ನಾನೂ ಕೇಳಿದೆ. ಇಡೀ ಬಸ್ಸು ಕೇಳುತ್ತಿತ್ತು.

'ಆಡೋಕೆ. ಮೊದಲು ಬಾಗಿಲು ಹಾಕು, ಹಿಂದಿನ ಬಸ್ಸಿನೋನು ಹಾರ್ನ್ ಹೊಡೀತಿದ್ದಾನೆ.'

ಕೊನೆಯ ನಿಲ್ದಾಣದವರೆಗೆ ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದಳು. ಚಾಲಕಿಯ ಜೊತೆ ಮಾತಾಡಬಾರದು ಎಂದು ನನ್ನ ತಲೆಯ ಮೇಲೇ ಬರೆದಿದೆ. ಅದಕ್ಕೇ ಇರಬೇಕು, ನಾನು ಒಂದು ಮಾತೂ ಆಡಲಿಲ್ಲ, ಅವಳು ಎಲ್ಲವನ್ನೂ ಹೇಳಿದಳು. ಅದನ್ನು ನಾನು ಬರೆಯಬಾರದಂತೆ. ನೀವಿಬ್ಬರೂ ನನ್ನ ವಿಷಯ ಬರೆದದ್ದು ಸಾಕು, ನಾನೇ ಬರೆಯುತ್ತೇನೆ ಅಂದಳು. ಇದರ ಜೊತೆಗೇ ಇಟ್ಟಿದ್ದೇನೆ. ಅಂಟಿಸಿ ಕೊಟ್ಟಳು, ನಾನು ಓದಿಲ್ಲ.

ಬುಟ್ಟಿಯಿಂದ ನಾಲ್ಕು ತುಂಡುಗಳನ್ನು ತೆಗೆದು ಮತ್ತೆ ಜೋಡಿಸಿ ಓದಿದೆ. ನೀನು ಸರಿ ಎಂದು ಬರೆಯುವಷ್ಟು ಸಿಟ್ಟು ಇಳಿದಿಲ್ಲ.

ಅಕ್ಕ

*

ಮಾರ್ಚ್ 23

ಮಾಮ,

ನನಗೆ ಕಾಗದ ಬರೆಯಲು ಬರುವುದಿಲ್ಲ, ನಿಮ್ಮಿಬ್ಬರಷ್ಟಂತೂ ಇಲ್ಲ. ಸಿಟ್ಟು ಮಾತ್ರ ನಿಮ್ಮಿಬ್ಬರದ್ದೂ ಸೇರಿಸಿ ಬಂದಿದೆ.

ನಾನು ಹಾಕಿ ಬಿಟ್ಟಿಲ್ಲ. ಜನವರಿಯಲ್ಲೇ ಗೋಲ್‌ಕೀಪರ್ ಆದೆ, ನಾನೇ ಕೋಚನ್ನು ಕೇಳಿ. ನಮ್ಮ ಕೀಪರಿಗೆ ಜ್ವರ ಬಂದ ದಿನ ಒಂದು ಪಂದ್ಯ ನಿಂತೆ, ಬಹಳ ಇಷ್ಟವಾಯಿತು. ಗೋಲು ಹೊಡೆದಾಗ ಎಲ್ಲರೂ ಬಂದು ತಬ್ಬಿಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ. ಗೋಲು ತಡೆದಾಗ ಯಾರೂ ಬರುವುದಿಲ್ಲ. ಎದುರಿನವಳು ಮಾತ್ರ ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ. ಅದಕ್ಕಾಗಿ ನಿಲ್ಲುತ್ತೇನೆ. ಕೀಪರುಗಳ ಅಭ್ಯಾಸ ಸಂಜೆ. ಕೀಪರಿನ ಸ್ಟಿಕ್ಕು, ಕೈಗವಸು, ಕವಚ ಎಲ್ಲ ಕ್ಲಬ್ಬಿನವು, ಅಲ್ಲೇ ಇರುತ್ತವೆ; ನಿನ್ನೆ ಆಯ್ಕೆಗೆ ಮಾತ್ರ ಹೊತ್ತೊಯ್ದಿದ್ದೆ. ನನ್ನ ಹಳೆಯ ಸ್ಟಿಕ್ಕು ಬೇಡವಾಯಿತು, ಬಾಗಿಲ ಹಿಂದೆ ಇಟ್ಟೆ. ಅದರಲ್ಲಿ ಅಮ್ಮ ಇಷ್ಟೆಲ್ಲ ಅರ್ಥ ಹುಡುಕಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಮುಂಗೈಯ ನೀಲಿ ಕಲೆ ಚೆಂಡಿನದು.

ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದರೆ, ಕೀಪರ್ ಆಗುವುದು ಓಡಲಾರದವರ ಕೆಲಸ ಎಂದು ಅವಳು ಯಾವಾಗಲೂ ಹೇಳುತ್ತಾಳೆ. ನನ್ನ ಹದಿನಾಲ್ಕು ಗೋಲುಗಳನ್ನು ಡಿಪೋದಲ್ಲಿ ಎಲ್ಲರಿಗೂ ಹಂಚಿದ್ದಾಳೆ. ಆದರೂ ಹೇಳಲು ಮೂರು ಸಲ ಬಾಯಿ ತೆರೆದೆ. ಒಂದು ಸಲ ಉಪದೇಶ ಬಂತು. ಉಳಿದ ಎರಡು ಸಲ ಅವಳು ನಿನಗೆ ಕಾಗದ ಬರೆಯುತ್ತಿದ್ದಳು, 'ತಡಿ ಮಗು, ನಿನ್ನ ವಿಷಯಾನೇ ಬರೀತಿದ್ದೀನಿ' ಅಂದಳು.

ನಿನ್ನ ಪಟ್ಟಿ ನೋಡಿ ನನಗೆ ಬೇಜಾರಾಗಲಿಲ್ಲ. ಕೀಪರಿಗೆ ನಿಮ್ಮ ಲೀಗಿನಲ್ಲಿ ಬಿಟ್ಟ ಗೋಲಿಗೆ ಖೋತಾ ಇದೆ, ತಡೆದದ್ದಕ್ಕೆ ಸೊನ್ನೆ. ಆ ಲೆಕ್ಕ ಬರೆದವನು ಯಾವತ್ತೂ ಗೋಲಿನ ಮುಂದೆ ನಿಂತವನಲ್ಲ. ಅಂಥವರು ನನ್ನನ್ನು ಆರಿಸಿದ್ದರೆ ಬೇಜಾರಾಗುತ್ತಿತ್ತು. ಸಿಟ್ಟು ಬಂದದ್ದು ಮೊಣಕಾಲಿಗೆ. ಮೂಳೆ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಅವರು ಬಗ್ಗಿಸಿ, ನೆಟ್ಟಗೆ ಮಾಡಿ, ಕುಟ್ಟಿ ನೋಡಿ, ಇದಕ್ಕೆ ಏನಾಗಿದೆ ಎಂದು ಬಂದೆ ಅಂತ ಕೇಳಿದರು. ಇದಕ್ಕೇನೂ ಆಗಿಲ್ಲ ಡಾಕ್ಟರೇ, ನಮ್ಮ ಮಾಮ ನೀರು ಕುಡಿದರು ಎಂದೆ. ಅವರು ಒಂದು ಸಲ ನನ್ನ ತಲೆಯನ್ನೂ ನೋಡಿ ಬರೆದುಕೊಟ್ಟರು.

ಈಗ ಕೇಳು. ನಿನ್ನೆ ಆಯ್ಕೆಗೆ ಒಂಬತ್ತು ಕೀಪರುಗಳು ಬಂದಿದ್ದರು. ಮೂವರನ್ನು ಉಳಿಸಿಕೊಂಡಿದ್ದಾರೆ. ಅವರಲ್ಲಿ ನಾನೂ ಒಬ್ಬಳು. ಮುಂದಿನ ಭಾನುವಾರ ಆ ಮೂವರಲ್ಲಿ ಇಬ್ಬರನ್ನು ಆರಿಸುತ್ತಾರೆ. ಕೋಚನ್ನು ಒಂದು ಮಾತು ಕೇಳಬೇಡ, ಯಾರಿಗೂ ಪತ್ರ ಹಾಕಬೇಡ, ಮೊಹರು ಮನೆಯಲ್ಲೇ ಇರಲಿ.

ನೋಡಲು ಬರಬಹುದು. ಅಮ್ಮನಿಗೂ ಹೇಳಿದ್ದೇನೆ, ಒಂದೇ ಬೆಂಚಿನಲ್ಲಿ ಕೂರಬೇಕು, ಒಬ್ಬರಿಗೊಬ್ಬರು ಬರೆದುಕೊಳ್ಳುವಂತಿಲ್ಲ. ನಾನು ಗೋಲು ಬಿಟ್ಟರೂ ಬಿಡಬಹುದು. ಬಿಟ್ಟಾಗ ಎಲ್ಲರೂ ಎಲ್ಲೆಲ್ಲೋ ನೋಡುತ್ತಾರೆ. ನೀವು ನನ್ನನ್ನೇ ನೋಡಬೇಕು. ಅಂಕ ಹಾಕಬಾರದು.

ಆಯ್ಕೆಯಾದವರ ಹೆಸರನ್ನು ಅಲ್ಲೇ ಮೈದಾನದಲ್ಲಿ ಓದುತ್ತಾರಂತೆ. ನನ್ನ ಹೆಸರು ಬಂದರೂ ಸರಿ, ಬರದಿದ್ದರೂ ಸರಿ, ಮಾಮ, ನೀನು ಏಳಬೇಡ. ಬಾಯಾರಿದರೆ ಮನೆಯಿಂದ ಬಾಟಲಿ ತಂದು ಕೂತಲ್ಲೇ ಕುಡಿ. ಮತ್ತೆ ಮೊಣಕಾಲು ಎಷ್ಟೇ ನೋಯಲಿ, ಕೈ ಬೆಂಚಿನ ಮೇಲೆ ಇರಲಿ.

ಕಡ್ಡಿ